ಆಯಿಯ ಕೋಣೆಯ ಗೋಡೆ ಬೆವರುವುದು ನಿಂತದ್ದು ಹೀಗೆ

ನಮ್ಮ ಮನೆ ಇರುವುದು ಕಾರವಾರದ ಪಕ್ಕ ಬಿಣಗಾದಲ್ಲಿ, ಗುಡ್ಡದ ಬುಡಕ್ಕೆ. ಗುಡ್ಡ ಕಡಿದು ಜಾಗ ಸಮ ಮಾಡಿ ಎರಡು ಅಂತಸ್ತು ಕಟ್ಟಿದ್ದು. ಕೆಳಗಿನ ಅಂತಸ್ತಿನ ಮುಂಬದಿ ರಸ್ತೆಗೆ ಸಮ. ಹಿಂಬದಿಯ ಗೋಡೆ ಮಾತ್ರ ಏಳು ಅಡಿಯವರೆಗೆ ಮಣ್ಣಿನೊಳಗೇ ಇದೆ. ಮೊದಲು ಅಲ್ಲಿ ತೆಂಗಿನಕಾಯಿ, ಸೌದೆ, ಹಳೆ ಸಾಮಾನು ಇಡುತ್ತಿದ್ದೆವು.

ಆಯಿಗೆ ಮೊಣಕಾಲು ನೋವು ಜಾಸ್ತಿಯಾಗಿ ಮೆಟ್ಟಿಲು ಹತ್ತುವುದು ಆಗದೇ ಹೋಯಿತು. ಆಗ ಆ ನೆಲಮಾಳಿಗೆಯನ್ನೇ ಅವಳ ಕೋಣೆ ಮಾಡಿದೆವು. ಏಪ್ರಿಲ್ ತಿಂಗಳಲ್ಲಿ ಅದರಷ್ಟು ಸುಖದ ಜಾಗ ಮನೆಯಲ್ಲಿ ಬೇರೆ ಇರಲಿಲ್ಲ. ಮೇಲೆ ಸ್ಲ್ಯಾಬು ಕಾದು ಕೂರಲಾಗದಿದ್ದಾಗ ಕೆಳಗೆ ತಂಪು. ಆದರೆ ಮೃಗಶಿರ ಮಳೆ ಶುರುವಾದ ವಾರದಲ್ಲೇ ಆಯಿ ಕರೆದು ಹೇಳಿದಳು, "ತಮಾ, ಗೋಡೆ ಬೆವರ್ತಾ ಅದೆ ನೋಡು." ಕೈ ಇಟ್ಟರೆ ಅಂಗೈ ಒದ್ದೆ. ನೆಲದ ಟೈಲ್ಸ್ ಮೇಲೆ ಹೆಜ್ಜೆ ಮೂಡುತ್ತಿತ್ತು. ಆಗಸ್ಟ್ ಹೊತ್ತಿಗೆ ಟ್ರಂಕಿನಲ್ಲಿದ್ದ ಸೀರೆಯ ಮಡಿಕೆಗಳಲ್ಲಿ ಬೂಷ್ಟು ಬಂದಿತ್ತು. ಕೋಣೆಗೆಲ್ಲ ಮುಗ್ಗಲು ವಾಸನೆ. ಆಯಿಗೆ ಮೊದಲೇ ದಮ್ಮು. ರಾತ್ರಿ ಅವಳ ಉಸಿರಿನ ಸದ್ದು ಬಾಗಿಲ ಹೊರಗೂ ಕೇಳುತ್ತಿತ್ತು.

ಆ ವರ್ಷ ನಾನು ಮಾಡಿದ್ದು ತಪ್ಪು ಕೆಲಸ. ಗೋಡೆ ಥಂಡಿ ಇದೆ, ಅದಕ್ಕೆ ಹೊದಿಕೆ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡೆ. ಒಳಗಡೆ ಮರದ ಪಟ್ಟಿ ಹೊಡೆದು, ಒಂದು ಇಂಚಿನ ಥರ್ಮಾಕೋಲ್ ತುಂಬಿ, ಮೇಲೆ ಪ್ಲೈವುಡ್ ಬಡಿದು ಬಣ್ಣ ಹಚ್ಚಿಸಿದೆ. ಬೇಸಿಗೆ ಮುಗಿಯುವವರೆಗೆ ನೋಡಲು ಚೆಂದವೇ ಇತ್ತು. ಮುಂದಿನ ಮಳೆಗಾಲದಲ್ಲಿ ಪ್ಲೈವುಡ್ಡಿನ ಕೆಳಗಿನ ಅಂಚು ಉಬ್ಬಿತು. ಒಂದು ಹಲಗೆ ಕಿತ್ತು ನೋಡಿದೆ. ಹಿಂದೆಲ್ಲ ಕರಿ ಬೂಷ್ಟು. ಥರ್ಮಾಕೋಲಿನ ಕಾಳುಗಳ ನಡುವೆ ನೀರು. ಮೂಲೆಯಲ್ಲಿ ಒರಲೆ ಮಣ್ಣಿನ ದಾರಿ ಮಾಡಿಕೊಂಡು ಪಟ್ಟಿಯವರೆಗೆ ಬಂದಿತ್ತು. ಆಯಿ ಅದರ ಪಕ್ಕದಲ್ಲೇ ಎರಡು ತಿಂಗಳು ಮಲಗಿದ್ದಳು. ಅವತ್ತೇ ಎಲ್ಲ ಕಿತ್ತು ಹೊರಗೆ ಹಾಕಿದೆ.

ಆಮೇಲೆ ನಿಧಾನಕ್ಕೆ ಕೂತು ಯೋಚಿಸಿದೆ. ಈ ನೀರು ಬರುವುದು ಎಲ್ಲಿಂದ? ಅದನ್ನು ತಿಳಿಯದೆ ಒಂದು ಮೊಳೆಯನ್ನೂ ಹೊಡೆಯಬಾರದು ಅಂತ ನಿರ್ಧಾರ ಮಾಡಿದೆ. ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಂಡು ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ. ಎರಡು ದಿನ ಬಿಟ್ಟು ನೋಡಿ. ಹಾಳೆಯ ಹಿಂದೆ, ಅಂದರೆ ಗೋಡೆಯ ಕಡೆ ನೀರು ಕೂತಿದ್ದರೆ ಅದು ಮಣ್ಣಿನಿಂದ ಬಂದದ್ದು. ಕೋಣೆಯ ಕಡೆ ಒದ್ದೆಯಾಗಿದ್ದರೆ ಅದು ಗಾಳಿಯಿಂದ ಬಂದದ್ದು. ನಾನು ಹಿಂದಿನ ಗೋಡೆಗೆ ಒಂದು, ನೆಲಕ್ಕೆ ಒಂದು ಅಂಟಿಸಿದೆ. ಗೋಡೆಯ ಹಾಳೆ ಎರಡೂ ಕಡೆ ಒದ್ದೆ. ನೆಲದ ಹಾಳೆ ಮೇಲೆ ಮಾತ್ರ ಒದ್ದೆ, ಅಡಿ ಒಣ. ಅಂದರೆ ನೆಲದ ನೀರು ಪೂರ್ತಿ ಗಾಳಿಯದು. ಗೋಡೆಗೆ ಎರಡೂ ಕಾಟ.

ಗಾಳಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಎಲ್ಲರೂ ಎಡವುವುದು ಇಲ್ಲೇ. ತೇವಾಂಶ ತೋರಿಸುವ ಚಿಕ್ಕ ಮೀಟರು ತಂದೆ. ಎಸಿ ರಿಪೇರಿ ಮಾಡುವ ಗೆಳೆಯನಿಂದ ಗೋಡೆಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರು ಕೇಳಿ ಪಡೆದೆ. ಜೂನ್ ತಿಂಗಳ ಒಂದು ಬೆಳಿಗ್ಗೆ ಕೋಣೆಯ ಗಾಳಿ 30 ಡಿಗ್ರಿ, ತೇವಾಂಶ ಶೇ. 80. ಗೋಡೆಯ ಬುಡ 25.5 ಡಿಗ್ರಿ. 30 ಡಿಗ್ರಿಯ, ಶೇ. 80 ತೇವಾಂಶದ ಗಾಳಿ ಸುಮಾರು 26 ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡಲು ಶುರುಮಾಡುತ್ತದೆ. ಬರೀ ಅರ್ಧ ಡಿಗ್ರಿಯ ವ್ಯತ್ಯಾಸ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ಬೆವರುತ್ತದಲ್ಲ, ನಮ್ಮ ಗೋಡೆಯೂ ಹಾಗೇ. ಅಂಥ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿ ಇರುತ್ತದೆ. ಆಯಿಯ ಕೋಣೆ 12 ಅಡಿ ಅಗಲ, 14 ಅಡಿ ಉದ್ದ, 10 ಅಡಿ ಎತ್ತರ. ಲೆಕ್ಕ ಹಾಕಿದರೆ ಒಂದು ಲೀಟರಿಗಿಂತ ಜಾಸ್ತಿ ನೀರು ಸದಾ ಗಾಳಿಯಲ್ಲೇ ತೇಲುತ್ತಿರುತ್ತದೆ. ಗಾಳಿ ಆಡಲಿ, ಒಣಗಲಿ ಅಂತ ನಾವು ಕಿಟಕಿ ತೆಗೆದಿಡುತ್ತಿದ್ದೆವು. ಪ್ರತಿ ಸಲ ಹೊಸ ಗಾಳಿ ಬಂದಾಗ ಹೊಸ ನೀರು ಬರುತ್ತಿತ್ತು. ಮಳೆಗಾಲದ ಗಾಳಿ ಕೆಳಗಿನ ಕೋಣೆಯನ್ನು ಒಣಗಿಸುವುದಿಲ್ಲ, ಒದ್ದೆ ಮಾಡುತ್ತದೆ. ಇದು ತಲೆಗೆ ಹೋಗಲು ನನಗೆ ಎರಡು ಮಳೆಗಾಲ ಬೇಕಾಯಿತು.

ಹಾಗಾಗಿ ಕೆಲಸದ ಕ್ರಮ ತಿರುಗಿಸಿದೆ. ಮೊದಲು ಮಣ್ಣಿನ ನೀರು. ಆಮೇಲೆ ಥಂಡಿ. ಕೊನೆಗೆ ಗಾಳಿ.

ಮಣ್ಣಿನ ಕೆಲಸ ಜನವರಿಯಲ್ಲಿ ಶುರುಮಾಡಿದೆವು. ಅದಕ್ಕೂ ಮೊದಲು ಸೂರಿನ ನೀರು ಹಿಂದಿನ ಗೋಡೆಯ ಬುಡಕ್ಕೇ ಬೀಳುತ್ತಿದ್ದುದನ್ನು ಪೈಪು ಹಾಕಿ ಮುಂದಕ್ಕೆ ತಿರುಗಿಸಿದೆ. ದರೆಯ, ಅಂದರೆ ಮನೆ ಹಿಂದೆ ಕಡಿದು ನಿಂತ ಗುಡ್ಡದ ಮಣ್ಣಿನ, ತಲೆಯ ಮೇಲೆ ಒಂದು ಗಟಾರ ತೋಡಿ, ಗುಡ್ಡದಿಂದ ಹರಿದು ಬರುವ ನೀರು ಪಕ್ಕಕ್ಕೆ ಹೋಗುವಂತೆ ಮಾಡಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿದು. ಇಷ್ಟೇ ಮಾಡಿದರೂ ಅರ್ಧ ನೀರು ಕಡಿಮೆಯಾಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಖರ್ಚೂ ಕಡಿಮೆ. ಯಾರಾದರೂ ಕೇಳಿದರೆ ಮೊದಲು ಇದನ್ನೇ ಮಾಡಿ ಒಂದು ಮಳೆಗಾಲ ಕಾಯಿರಿ ಅನ್ನುತ್ತೇನೆ.

ನಮ್ಮ ಗೋಡೆ ಚಿರೆಕಲ್ಲಿನದು. ಅದರ ಮೈಯೆಲ್ಲ ತೂತು, ನೀರು ಹೀರುತ್ತದೆ. ಹಾಗಾಗಿ ಹೊರಗಡೆಯಿಂದ ಅಗೆಯದೆ ದಾರಿ ಇರಲಿಲ್ಲ. ಗವಂಡಿ ಮೊದಲೇ ಎಚ್ಚರಿಸಿದ, "ಸರ್, ಒಮ್ಮೆಗೇ ಉದ್ದಕ್ಕೂ ಅಗೆದ್ರೆ ದರೆ ಬೀಳ್ತದೆ, ಗೋಡೆಗೂ ಅಪಾಯ." ನಾಲ್ಕು ನಾಲ್ಕು ಅಡಿಯಂತೆ ಅಗೆದು, ದರೆಗೆ ಹಲಗೆ ಮತ್ತು ಆನಿಕೆ ಕೊಟ್ಟು, ಒಂದು ತುಂಡು ಮುಗಿಸಿ ಮುಚ್ಚಿದ ಮೇಲೆ ಇನ್ನೊಂದಕ್ಕೆ ಹೋದೆವು. ಎರಡು ತಿಂಗಳು ಹಿಡಿಯಿತು. ದಯವಿಟ್ಟು ಈ ಕೆಲಸವನ್ನು ಮಳೆ ಹತ್ತಿರ ಇಟ್ಟುಕೊಂಡು ಮಾಡಬೇಡಿ. ಒಬ್ಬರೇ ಗುಂಡಿಗೆ ಇಳಿಯಲೂ ಬೇಡಿ.

ಗುಂಡಿಯ ತಳದಲ್ಲಿ ನಾಲ್ಕು ಇಂಚಿನ ತೂತಿನ ಪಿವಿಸಿ ಪೈಪು ಹಾಕಿದೆವು, ತೂತು ಕೆಳಮುಖ. ನೂರು ಅಡಿಗೆ ಒಂದು ಅಡಿಯಂತೆ ಇಳಿಜಾರು ಕೊಟ್ಟು ಪಕ್ಕದ ಗಟಾರಕ್ಕೆ ಬಿಟ್ಟೆವು. ಸುತ್ತ 20 ಮಿಲಿಮೀಟರ್ ಜಲ್ಲಿ, ಅದರ ಸುತ್ತ ಮಣ್ಣು ತೂರದಂತೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಗೋಡೆ ತೊಳೆದು ಒಣಗಿಸಿ, ಸಿಮೆಂಟ್ ಗಿಲಾವು ಮಾಡಿ, ಮೇಲೆ ಪಾಲಿಮರ್ ಸೇರಿದ ವಾಟರ್‌ಪ್ರೂಫಿಂಗ್ ಎರಡು ಕೋಟು. ಅದರ ಮೇಲೆ 50 ಮಿಲಿಮೀಟರ್ ದಪ್ಪದ ಎಕ್ಸ್‌ಪಿಎಸ್ ಶೀಟು, ಅಂದರೆ ಥಂಡಿ ದಾಟದಂತೆ ತಡೆಯುವ ಗಟ್ಟಿ ಫೋಮ್ ಹಲಗೆ. ಇದು ಕಾರವಾರದಲ್ಲಿ ಸಿಗಲಿಲ್ಲ, ಮಡಗಾಂವದಿಂದ ತರಿಸಿದೆ. ಥರ್ಮಾಕೋಲಿಗೂ ಇದಕ್ಕೂ ಮೂಲವಸ್ತು ಒಂದೇ. ಆದರೆ ಇದರ ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ, ನಡುವೆ ಸಂದು ಇರುವುದಿಲ್ಲ. ಹಾಗಾಗಿ ಮಣ್ಣಿನಲ್ಲಿದ್ದರೂ ನೀರು ಕುಡಿಯುವುದು ತೀರಾ ಕಡಿಮೆ.

ಅಂಟು ಆರಿಸುವಾಗ ಹುಷಾರಾಗಿರಬೇಕು. ಅಂಗಡಿಯವರು ಕೊಟ್ಟ ಡಾಂಬರಿನ ಅಂಟನ್ನು ಒಂದು ತುಂಡಿನ ಮೇಲೆ ಹಚ್ಚಿ ನೋಡಿದೆ. ಚಹಾ ಕುಡಿದು ಬರುವಷ್ಟರಲ್ಲಿ ಶೀಟು ಕರಗಿ ತಗ್ಗು ಬಿದ್ದಿತ್ತು. ಪೆಟ್ರೋಲು, ಥಿನ್ನರ್ ಇರುವ ಯಾವುದೂ ಇದಕ್ಕೆ ಆಗುವುದಿಲ್ಲ. ಸಿಮೆಂಟ್ ಅಂಟನ್ನೇ ಬಳಸಿದೆ. ಇನ್ನೊಂದು ವಿಷಯ ಒರಲೆ. ಅದು ಈ ಶೀಟನ್ನು ತಿನ್ನದಿದ್ದರೂ ಒಳಗೆ ಸುರಂಗ ಕೊರೆದುಕೊಂಡು ಮೇಲೆ ಬರುತ್ತದೆ. ಅದಕ್ಕೇ ಮಣ್ಣಿನ ಮೇಲೆ ಆರು ಇಂಚು ಗೋಡೆಯನ್ನು ಬರಿದಾಗಿ ಬಿಟ್ಟಿದ್ದೇನೆ. ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ನೋಡುತ್ತೇನೆ.

ನೆಲಕ್ಕೂ ಇದೇ ಉಪಾಯ. ಹಳೆ ಟೈಲ್ಸ್ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 25 ಮಿಲಿಮೀಟರ್ ಎಕ್ಸ್‌ಪಿಎಸ್, ಜಾಲರಿ ಇಟ್ಟು ಎರಡು ಇಂಚು ಕಾಂಕ್ರೀಟು, ಮತ್ತೆ ಟೈಲ್ಸ್. ಬಾಗಿಲನ್ನು ಕೆಳಗೆ ಕೊಯ್ಯಬೇಕಾಯಿತು. ಹೊಸ್ತಿಲಲ್ಲಿ ಆಯಿ ಎಡವಬಾರದು ಅಂತ ಚಿಕ್ಕ ಇಳಿಜಾರು ಮಾಡಿಸಿದೆ. ಹೀಗೆ ಮಾಡಿದರೆ ಮಣ್ಣಿನ ತಂಪು ನೇರ ಮೇಲೆ ಬರುವುದಿಲ್ಲ. ನೆಲ ಕೋಣೆಯಷ್ಟೇ ಬಿಸಿ ಇರುತ್ತದೆ, ಬೆವರುವುದಿಲ್ಲ. ನಿಜ, ಏಪ್ರಿಲ್ ತಿಂಗಳ ಆ ತಂಪು ಸ್ವಲ್ಪ ಕಡಿಮೆಯಾಗಿದೆ. ಆಯಿಯ ಉಸಿರಿನ ಮುಂದೆ ಅದು ನನಗೆ ದೊಡ್ಡದಲ್ಲ. ಪಶ್ಚಿಮದ ಗೋಡೆಗೆ ಸಮುದ್ರದ ಕಡೆಯ ಸಂಜೆ ಬಿಸಿಲು ಬೀಳುತ್ತದೆ. ಅಲ್ಲಿ ನಾಲ್ಕು ಅಡಿ ಮಾಡು ಮುಂದಕ್ಕೆ ಇಳಿಸಿದೆ, ಅಷ್ಟೇ ಸಾಕಾಯಿತು.

ಒಳಗೆ ಈ ಸಲ ಏನನ್ನೂ ಬಡಿಯಲಿಲ್ಲ. ಹಳೆ ಎಣ್ಣೆ ಬಣ್ಣ ಕೆರೆದು ತೆಗೆದೆವು. ಗೋಡೆ ಬಿಟ್ಟಿದ್ದ ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿದೆವು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಸುಣ್ಣದ ಗಿಲಾವು, ಮೇಲೆ ಮೂರು ಸಲ ಸುಣ್ಣ. ನಮ್ಮ ಹಿರಿಯರು ಚಿಪ್ಪು ಸುಟ್ಟು ಮಾಡಿದ ಸುಣ್ಣವನ್ನೇ ಬಳಸುತ್ತಿದ್ದರು. ಅದು ಗೋಡೆಗೆ ಉಸಿರಾಡಲು ಬಿಡುತ್ತದೆ, ಬೂಷ್ಟಿಗೂ ಆಗಿಬರುವುದಿಲ್ಲ. ಮಂಚ, ಕಪಾಟು ಎಲ್ಲ ಗೋಡೆಯಿಂದ ಅಂಗೈ ಅಗಲ ದೂರ ಇಟ್ಟೆ.

ಉಳಿದದ್ದು ಗಾಳಿ. ಕಿಟಕಿಗಳಿಗೆ ರಬ್ಬರ್ ಪಟ್ಟಿ ಹಾಕಿ, ಗಾಳಿಯ ತೇವ ತೆಗೆಯುವ ಯಂತ್ರ, ಒಂದು ಡಿಹ್ಯೂಮಿಡಿಫೈಯರ್ ತಂದೆ. ತೇವಾಂಶ ಶೇ. 60ಕ್ಕೆ ನಿಲ್ಲಿಸಿದ್ದೇನೆ. ಮೊದಲ ವಾರ ದಿನಕ್ಕೆ ಒಂಬತ್ತು ಲೀಟರ್ ನೀರು ತೆಗೆಯಿತು, ಗೋಡೆ ಒಣಗುತ್ತಾ ಬಂದಂತೆ ಮೂರಕ್ಕೆ ಇಳಿಯಿತು. ಈಗ ದಿನಕ್ಕೆ ಸುಮಾರು ಎರಡು ಯೂನಿಟ್ ಕರೆಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿರುತ್ತದೆ, ಬೆಳಿಗ್ಗೆ ಹತ್ತು ನಿಮಿಷ ಮಾತ್ರ ಬಾಗಿಲು ತೆಗೆದಿಡುತ್ತೇವೆ. ಡಿಸೆಂಬರ್, ಜನವರಿಯ ಒಣ ಗಾಳಿಗೆ ಎಲ್ಲ ತೆಗೆದಿಡುತ್ತೇವೆ.

ಆಯಿಯನ್ನು ಒಪ್ಪಿಸಲು ಕಷ್ಟವಾದದ್ದು ಬಟ್ಟೆ ಹಗ್ಗದ ವಿಷಯ. ಮಳೆಗಾಲದಲ್ಲಿ ಅವಳ ಸೀರೆ ಅದೇ ಕೋಣೆಯಲ್ಲಿ ಒಣಗುತ್ತಿತ್ತು. ಒದ್ದೆ ಸೀರೆಯನ್ನು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಒಣಗಿದ ಮೇಲೆ ಮತ್ತೆ ಅವಳೆದುರೇ ತೂಗಿದೆ. ಅರ್ಧ ಕಿಲೋ ಕಡಿಮೆ. "ಅಷ್ಟೂ ನೀರು ಇದೇ ಕೋಣೇಲಿ ಉಳೀತು, ಆಯಿ" ಅಂದೆ. ಅವಳು ಏನೂ ಹೇಳಲಿಲ್ಲ. ಮರುದಿನ ಹಗ್ಗ ಬಿಚ್ಚಿ ಮೇಲಿನ ಜಗಲಿಗೆ ಕಳಿಸಿದಳು.

ಕಳೆದ ಆರಿದ್ರಾ ಮಳೆಗೆ ಎರಡು ದಿನ ಕರೆಂಟು ಇರಲಿಲ್ಲ. ಮೀಟರು ಶೇ. 76ರವರೆಗೆ ಏರಿತು. ಆದರೂ ಗೋಡೆ ಒಣಗಿಯೇ ಇತ್ತು. ಈಗ ಉಳಿದಿರುವುದು ಬಚ್ಚಲ ಪೈಪು ಗೋಡೆ ದಾಟುವ ಮೂಲೆ. ಅಲ್ಲಿ ಅಂಗೈಯಷ್ಟು ಜಾಗದಲ್ಲಿ ಬಿಳಿ ಉಪ್ಪು ಮತ್ತೆ ಕಾಣಿಸಿಕೊಂಡಿದೆ. ಪೈಪಿನ ಸುತ್ತ ಸರಿಯಾಗಿ ಮುಚ್ಚಿಲ್ಲ ಅಂತ ಕಾಣುತ್ತದೆ. ಪೆನ್ಸಿಲ್‌ನಿಂದ ಸುತ್ತ ಗೆರೆ ಹಾಕಿ ತಾರೀಖು ಬರೆದಿಟ್ಟಿದ್ದೇನೆ. ಗೆರೆ ದಾಟಿದರೆ ಜನವರಿಯಲ್ಲಿ ಆ ನಾಲ್ಕು ಅಡಿಯನ್ನು ಮತ್ತೆ ಅಗೆಯಬೇಕು. ಗವಂಡಿಗೆ ಈಗಲೇ ಹೇಳಿಟ್ಟಿದ್ದೇನೆ.