ಲೈಸೆನ್ಸ್ ಒಬ್ಬರದು, ಕೈ ಇನ್ನೊಬ್ಬರದು: ಮನೆಯ ಪ್ಲಂಬಿಂಗ್ ಮಾಡಿಸುವುದು ಹೇಗೆ?

ಭಾವನ ಮನೆ ಗೃಹಪ್ರವೇಶ ಆಗಿ ಮೂರು ತಿಂಗಳಿಗೆ ಅಡುಗೆಮನೆ ಗೋಡೆ ಬೆವರಲು ಶುರುವಾಯಿತು. ಮೊದಲು ಬಣ್ಣ ಉಬ್ಬಿತು. ಆಮೇಲೆ ಟೈಲ್ಸ್ ಸಂದಿಯಲ್ಲಿ ನೀರು ಜಿನುಗಿತು. ಒಡೆದು ನೋಡಿದರೆ ಪೈಪ್ ತಿರುಗುವ ಕಡೆ ಹಾಕುವ ಮುಕ್ಕಾಲಿಂಚಿನ ಒಂದು ಎಲ್ಬೋ, ಅದಕ್ಕೆ ಸೊಲ್ಯೂಷನ್ನೇ, ಅಂದರೆ ಪೈಪ್ ಅಂಟಿಸುವ ಗೋಂದೇ, ಹಚ್ಚಿರಲಿಲ್ಲ. ಸುಮ್ನೆ ಒತ್ತಿ ಕೂರಿಸಿದ್ದರು. ನೀರಿನ ಸಂಪರ್ಕದ ಅರ್ಜಿ ತೆಗೆದು ನೋಡಿದೆವು. ಅದರಲ್ಲಿ ಲೈಸೆನ್ಸ್ ಇರುವ ಪ್ಲಂಬರ್‌ನ ಸಹಿ, ಸೀಲು ಎರಡೂ ನೀಟಾಗಿದ್ದವು. ಆ ಪುಣ್ಯಾತ್ಮ ಮಾತ್ರ ಒಂದು ದಿನವೂ ಆ ಮನೆಯ ಮೆಟ್ಟಿಲು ಹತ್ತಿರಲಿಲ್ಲ.

ಇದೇ ಕಥೆಯನ್ನು ನಾಲ್ಕೈದು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಈ ಲೇಖನ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾದ ಮೇಲೆ ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳ ಕಡೆ ಹೊಸ ಸಂಪರ್ಕದ ಓಡಾಟ ಜಾಸ್ತಿಯಾಗಿದೆ. ಓಡಾಟ ಜಾಸ್ತಿಯಾದ ಕಡೆ ಸಹಿ ಮಾರುವವರೂ ಜಾಸ್ತಿ.

1. ಲೈಸೆನ್ಸ್ ಯಾರದು, ಯಾರು ಕೊಟ್ಟದ್ದು?

ವೈರಿಂಗ್ ಮಾಡುವವರಿಗೆ ರಾಜ್ಯಮಟ್ಟದ ಪರವಾನಗಿ ಇದೆ. ಪ್ಲಂಬರ್‌ಗಳದು ಹಾಗಲ್ಲ, ಊರಿನ ಲೆಕ್ಕ. ಬೆಂಗಳೂರಿನಲ್ಲಿ ಜಲಮಂಡಳಿ ಲೈಸೆನ್ಸ್ ಕೊಡುತ್ತದೆ. ಬೇರೆ ಊರಿನವರು ತಮ್ಮ ಪಾಲಿಕೆ ಅಥವಾ ನಗರಸಭೆಯ ನೀರು ಸರಬರಾಜು ವಿಭಾಗದಲ್ಲೇ ಕೇಳಬೇಕು. ಬೆಂಗಳೂರಿನವರಾದರೆ ನಿಮ್ಮ ಏರಿಯಾದ ಜಲಮಂಡಳಿ ಕಚೇರಿಗೆ ಲೈಸೆನ್ಸ್ ನಂಬರ್ ಬರೆದುಕೊಂಡು ಹೋಗಿ. ಹೆಸರು ಪಟ್ಟಿಯಲ್ಲಿದೆಯಾ, ಅವಧಿ ಮುಗಿದಿದೆಯಾ ಎಂದು ಕೇಳಿ. ಸಹಾಯವಾಣಿ 1916.

ಇಲ್ಲಿ ಜನ ಮೋಸ ಹೋಗುವುದು ಎರಡು ಕಡೆ. ಒಂದು, ಲೇಬರ್ ಕಾರ್ಡ್. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ತೋರಿಸಿ "ಇದೇ ಸಾರ್ ಲೈಸೆನ್ಸು" ಅನ್ನುವವರಿದ್ದಾರೆ. ಆ ಕಾರ್ಡ್ ಕೆಲಸಗಾರನ ಸವಲತ್ತಿಗೆ ಇರುವುದು. ಅವರ ಹತ್ತಿರ ಇರಲೇಬೇಕು, ಒಳ್ಳೆಯದೇ. ಆದರೆ ಅದು ಪರವಾನಗಿಯಲ್ಲ. ಇನ್ನೊಂದು, ಐಟಿಐ ಸರ್ಟಿಫಿಕೇಟ್. ಪ್ಲಂಬರ್ ಟ್ರೇಡ್ ಒಂದು ವರ್ಷದ ಕೋರ್ಸ್. ಅದು ಓದಿಗೆ ಸಾಕ್ಷಿ, ಲೈಸೆನ್ಸ್ ಬೇರೆ. ನನ್ನನ್ನು ಕೇಳಿದರೆ, ಐಟಿಐ ಮಾಡಿದ ಹುಡುಗ ಪೈಪ್ ಕೂಡಿಸಲಿ, ಲೈಸೆನ್ಸ್ ಇರುವವನು ನಿಂತು ನೋಡಲಿ. ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

2. ಮಾತು ಬರೆದಿಡಿ

ಅರ್ಧ ಹಾಳೆ ಸಾಕು. ಯಾವ ಪೈಪ್, ಎಷ್ಟು ಪಾಯಿಂಟ್ (ನಲ್ಲಿ ಬರುವ ಜಾಗ), ಕೂಲಿ ಎಷ್ಟು. ಕೊನೆಗೆ ಒಂದು ಸಾಲು: "ಪ್ಲಾಸ್ಟರಿಂಗ್‌ಗೆ ಮುಂಚೆ ಪ್ರೆಶರ್ ಟೆಸ್ಟ್, ಲೈಸೆನ್ಸ್‌ದಾರರೇ ಎದುರಿಗಿರಬೇಕು." ಈ ಸಾಲು ಓದಿದ ಕೂಡಲೇ ಮುಖ ಸಣ್ಣಗಾದರೆ ಬೇರೆಯವರನ್ನು ನೋಡಿ.

3. ಸಾಮಾನು ನೀವೇ ತನ್ನಿ

ಬಿಸಿನೀರು, ತಣ್ಣೀರು ಎರಡಕ್ಕೂ ಸಿಪಿವಿಸಿ, ಅಂದರೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪ್, ಹಾಕಿಸಿ. ಪೈಪಿನ ಮೇಲೆ ಐಎಸ್ 15778 ಎಂದು ಅಚ್ಚಾಗಿರಬೇಕು. ಗೀಸರ್ ಲೈನಿಗೆ ಬಿಳಿ ಪಿವಿಸಿ ಹಾಕಿದರೆ ಬಿಸಿಗೆ ಮೆತ್ತಗಾಗಿ ಬಾಗುತ್ತದೆ. ಸೊಲ್ಯೂಷನ್ ಡಬ್ಬಿಯಲ್ಲೇ ಜಾಸ್ತಿ ಮೋಸ. ಸಿಪಿವಿಸಿಗೆ ಸಿಪಿವಿಸಿಯದೇ ಬೇಕು, ಪಿವಿಸಿಯದು ನಡೆಯುವುದಿಲ್ಲ. ಡಬ್ಬಿ ತೆರೆದಾಗ ಜೇನಿನಂತೆ ಸರಾಗವಾಗಿ ಇಳಿಯಬೇಕು. ಗಟ್ಟಿಯಾಗಿ ಎಳೆ ಬಂದರೆ ಬಿಸಾಡಿ. ಅದಕ್ಕೆ ಥಿನ್ನರ್ ಬೆರೆಸಿ ತೆಳು ಮಾಡುವವರಿದ್ದಾರೆ, ಒಪ್ಪಬೇಡಿ. ಹೆಸರೇ ಕೇಳಿರದ ಅಗ್ಗದ ಎಲ್ಬೋ, ಟೀಗಳಂತೂ ಬೇಡವೇ ಬೇಡ. ಪೈಪ್ ಯಾವ ಕಂಪನಿಯದೋ ಫಿಟ್ಟಿಂಗ್ ಕೂಡ ಅದರದೇ ಇರಲಿ.

4. ಪ್ರೆಶರ್ ಟೆಸ್ಟ್: ಇಲ್ಲೇ ಎಲ್ಲರೂ ಎಡವುವುದು

"ನೀರು ಬಿಟ್ಟು ನೋಡಿದೀನಿ ಸಾರ್, ಒಂದು ಹನಿ ಇಲ್ಲ." ಈ ಮಾತನ್ನು ನಂಬಬೇಡಿ. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಟ್ಯಾಂಕಿನ ನೀರು ಬಿಟ್ಟು ನೋಡುವುದು ಟೆಸ್ಟೇ ಅಲ್ಲ. ನಲ್ಲಿಗಿಂತ ಟ್ಯಾಂಕ್ ಹತ್ತು ಮೀಟರ್ ಮೇಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಅಷ್ಟೆ. ಭಾವನ ಮನೆಯ ಆ ಎಲ್ಬೋ ಸೊಲ್ಯೂಷನ್ ಇಲ್ಲದೆ ಮೂರು ತಿಂಗಳು ನಿಂತದ್ದು ಈ ಸಣ್ಣ ಒತ್ತಡದಲ್ಲೇ. ಟೆಸ್ಟ್ ಮಾಡಬೇಕಾದ್ದು ಪೈಪ್ ಕಂಪನಿ ಹೇಳಿದ ಒತ್ತಡಕ್ಕೆ. ಸಿಪಿವಿಸಿಗೆ ಸಾಮಾನ್ಯವಾಗಿ ಅದು 150 ಪಿಎಸ್‌ಐ, ಅಂದರೆ ಸುಮಾರು ಹತ್ತೂವರೆ ಕೆ.ಜಿ.

ಕೊನೆಯ ಜಾಯಿಂಟ್ ಆದ ಮೇಲೆ ಒಂದು ದಿನ ಪೂರ್ತಿ ಬಿಡಿ. ಮಳೆಗಾಲವಾದರೆ ಎರಡು ದಿನ. ಸೊಲ್ಯೂಷನ್ ಒಳಗೆ ಕಚ್ಚಿಕೊಳ್ಳಲು ಹೊತ್ತು ಬೇಕು. ಆಮೇಲೆ ನಲ್ಲಿ ಬರುವ ಜಾಗಗಳಿಗೆಲ್ಲ ಟೆಫ್ಲಾನ್ ಟೇಪ್ ಸುತ್ತಿದ ಪ್ಲಗ್ ಹಾಕಿಸಿ. ಕೈಯಲ್ಲಿ ತಿರುಗಿಸಿ ಬಿಗಿಯಾದ ಮೇಲೆ ಸ್ಪ್ಯಾನರ್‌ನಲ್ಲಿ ಒಂದೆರಡು ಸುತ್ತು, ಸಾಕು. ಜೋರು ತೋರಿಸಿದರೆ ನಲ್ಲಿ ಕೂರುವ ಎಲ್ಬೋದ ಹಿತ್ತಾಳೆ ತಿರುಪಿನ ಸುತ್ತಲಿನ ಪ್ಲಾಸ್ಟಿಕ್ ಕೂದಲಿನಷ್ಟು ಸೀಳುತ್ತದೆ. ಅದು ಕಣ್ಣಿಗೆ ಬೀಳುವುದಿಲ್ಲ.

ಇನ್ನು ನೀರು ತುಂಬಿಸುವುದು. ಎಲ್ಲಕ್ಕಿಂತ ಮೇಲಿನ ಪಾಯಿಂಟ್‌ನ ಪ್ಲಗ್ ಸಡಿಲ ಇಟ್ಟು, ಕೆಳಗಿನಿಂದ ನಿಧಾನವಾಗಿ ತುಂಬಿಸಿ. ಮೊದಲು ಗೊರ ಗೊರ ಎಂದು ಗಾಳಿ ಬರುತ್ತದೆ. ಗುಳ್ಳೆ ನಿಂತು ನೀರು ಒಂದೇ ಧಾರೆಯಾಗಿ ಬಂದಾಗ ಪ್ಲಗ್ ಬಿಗಿ ಮಾಡಿ. ಗಾಳಿ ಒಳಗೆ ಉಳಿದರೆ ಒತ್ತಡ ತೋರಿಸುವ ಗೇಜಿನ ಮುಳ್ಳು ನಿಮ್ಮನ್ನು ಆಡಿಸುತ್ತದೆ. ಲೀಕ್ ಇದ್ದರೂ ತೋರಿಸುವುದಿಲ್ಲ, ಇಲ್ಲದಿದ್ದರೂ ಇಳಿಯುತ್ತದೆ.

ಈಗ ಹ್ಯಾಂಡ್ ಪಂಪ್. ನೀರಿನ ಡಬ್ಬಿ, ಹಿಡಿ, ಗೇಜ್ ಇರುವ ಸಣ್ಣ ಯಂತ್ರ, ದಿನದ ಬಾಡಿಗೆಗೆ ಸಿಗುತ್ತದೆ. ಗೇಜಿನ ಮುಳ್ಳು ಮೊದಲೇ ಸೊನ್ನೆಯ ಮೇಲಿದೆಯಾ ನೋಡಿ. ಕೆಲವು ಬಾಡಿಗೆ ಪಂಪುಗಳಲ್ಲಿ ಮುಳ್ಳು ಕಚ್ಚಿಕೊಂಡು ಯಾವಾಗಲೂ ಎರಡೋ ಮೂರೋ ಕೆ.ಜಿ. ತೋರಿಸುತ್ತಿರುತ್ತದೆ. ಐದಾರು ಕೆ.ಜಿ.ಗೆ ಏರಿಸಿ ನಿಲ್ಲಿಸಿ, ಎಲ್ಲ ಜಾಯಿಂಟ್ ಸುತ್ತ ಒಣಬಟ್ಟೆ ಆಡಿಸಿ. ಆಮೇಲೆ ಹತ್ತೂವರೆಗೆ ಏರಿಸಿ ಪಂಪಿನ ವಾಲ್ವ್ ಮುಚ್ಚಿ. ಮೊದಲ ಹತ್ತು ನಿಮಿಷದಲ್ಲಿ ಮುಳ್ಳು ಸ್ವಲ್ಪ ಇಳಿದರೆ ಗಾಬರಿ ಬೇಡ. ಪೈಪ್ ಒಂಚೂರು ಹಿಗ್ಗುತ್ತದೆ. ಮತ್ತೆ ಏರಿಸಿ. ಅಲ್ಲಿಂದ ಒಂದು ಗಂಟೆ ಲೆಕ್ಕ. ಶುರುವಿನಲ್ಲಿ ಒಂದು ಫೋಟೊ, ಕೊನೆಯಲ್ಲಿ ಒಂದು ಫೋಟೊ, ಎರಡರಲ್ಲೂ ಗೇಜಿನ ಪಕ್ಕ ಗಡಿಯಾರ ಕಾಣಲಿ.

ಮುಳ್ಳು ಇಳಿಯುತ್ತಲೇ ಇದ್ದರೆ ಲೀಕ್ ಇದೆ ಎಂದೇ ಅರ್ಥ. ಆಗ ಪ್ಲಂಬರ್ ಅಣ್ಣ ಜಾಯಿಂಟ್ ಮೇಲೆ ಎಂ-ಸೀಲ್ ಮೆತ್ತಲು ಹೊರಡುತ್ತಾನೆ. ಬಿಡಬೇಡಿ. ಆ ಜಾಯಿಂಟ್ ಕತ್ತರಿಸಿ ತೆಗೆದು, ಹೊಸದು ಹಾಕಿ, ಮತ್ತೆ ಒಂದು ದಿನ ಕಾದು ಮತ್ತೆ ಟೆಸ್ಟ್. ಗೋಡೆ ತೆರೆದಿರುವಾಗ ಇದು ಅರ್ಧ ಗಂಟೆಯ ಕೆಲಸ. ಗೋಡೆ ಮುಚ್ಚಿದ ಮೇಲೆ ಏನಾಗುತ್ತದೆ ಎಂದು ಭಾವನನ್ನು ಕೇಳಿ, ಟೈಲ್ಸ್ ಬಿಲ್ ತೋರಿಸುತ್ತಾನೆ.

ನೀರಿನ ಬದಲು ಕಂಪ್ರೆಸರ್ ಗಾಳಿ ತುಂಬಿಸೋಣ, ಬೇಗ ಆಗುತ್ತದೆ ಅನ್ನುವವರಿದ್ದಾರೆ. ಪ್ಲಾಸ್ಟಿಕ್ ಪೈಪಿಗೆ ಇದು ಅಪಾಯ. ಸಿಡಿದರೆ ಚೂರುಗಳು ಗುಂಡಿನಂತೆ ಹಾರುತ್ತವೆ.

ಈ ಒಂದು ಗಂಟೆ ಲೈಸೆನ್ಸ್‌ದಾರ ಅಲ್ಲೇ ಇರಬೇಕು. ಕುರ್ಚಿ ಹಾಕಿ, ಕಾಫಿ ಕೊಡಿ. ಕಡೆಗೆ ಅರ್ಧ ಹಾಳೆಯ ಹಿಂಬದಿಗೆ ತಾರೀಖು, ಹೊತ್ತು, ಒತ್ತಡ ಬರೆಸಿ ಸಹಿ ಹಾಕಿಸಿ. ಅರ್ಜಿಯ ಮೇಲಿನ ಸಹಿಗೆ ಬೆಲೆ ಬರುವುದು ಈ ಸಹಿ ಇದ್ದರೆ ಮಾತ್ರ.

5. ಬಾತ್‌ರೂಮ್ ನೆಲ

ಬಾತ್‌ರೂಮ್ ನೆಲದಲ್ಲಿ ಎರಡು ದಿನ ನೀರು ನಿಲ್ಲಿಸಿ, ಕೆಳಗಿನ ಸೀಲಿಂಗ್ ನೋಡಿ. ಅಷ್ಟೆ.

6. ಸಂಪರ್ಕದ ಅರ್ಜಿ

ಮಂಜೂರಾದ ನಕ್ಷೆ, ಖಾತಾ, ತೆರಿಗೆ ರಸೀದಿ ಒಟ್ಟಿಗೆ ಇಟ್ಟುಕೊಳ್ಳಿ. ಸ್ವಾಧೀನಾನುಭವ ಪತ್ರ (ಓಸಿ, ಮನೆ ನಕ್ಷೆಯಂತೆ ಕಟ್ಟಿದೆ ಎಂದು ಕೊಡುವ ಪತ್ರ) ನೋಡಿಯೇ ಸಂಪರ್ಕ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ, ಅದು ನಿಮ್ಮ ಮನೆಗೆ ಬೇಕಾ ಎಂದು ಮೊದಲೇ ಕೇಳಿಕೊಳ್ಳಿ. 30x40 ಸೈಟಿನಲ್ಲಿ ಹೊಸ ಮನೆಯಾದರೆ ಮಳೆನೀರು ಕೊಯ್ಲು ಕಡ್ಡಾಯ. ಅದು ಹೇಗಿರಬೇಕು ಎಂದು ನೋಡಲು ಜಯನಗರ 5ನೇ ಬ್ಲಾಕಿನ ಮಳೆನೀರು ಕೊಯ್ಲು ಪಾರ್ಕಿಗೆ ಒಮ್ಮೆ ಹೋಗಿಬನ್ನಿ. ಮಾದರಿಗಳನ್ನು ಕಣ್ಣಾರೆ ನೋಡಬಹುದು.

ಮೀಟರ್ ಕೂತ ಮೇಲೆ ಪ್ಲಂಬರ್ ಒಂದು "ಉಪಾಯ" ಹೇಳಬಹುದು: ಲೈನಿಗೇ ಮೋಟಾರ್ ಹಾಕಿ ಎಳೆಯೋಣ ಅಂತ. ಸಿಕ್ಕಿಬಿದ್ದರೆ ಮೋಟಾರೂ ಹೋಗುತ್ತದೆ, ದಂಡವೂ ಬೀಳುತ್ತದೆ. ಬೀದಿಯ ಪೈಪಿನಲ್ಲಿ ಬಿರುಕಿದ್ದರೆ ಪಕ್ಕದ ಕೊಳಚೆಯನ್ನೂ ಮೋಟಾರ್ ಎಳೆದುಕೊಳ್ಳುತ್ತದೆ. ನೀರು ಮೊದಲು ಸಂಪಿಗೆ ಬೀಳಲಿ, ಮೋಟಾರ್ ಅಲ್ಲಿಂದ.

ಕೂಲಿಯ ಕೊನೆಯ ಕಂತನ್ನು ಮೊದಲ ನೀರಿನ ಬಿಲ್ ಬರುವ ತನಕ ಹಿಡಿದುಕೊಳ್ಳಿ. ಬಿಲ್ ಬಂದ ದಿನ ಮನೆಯ ನಲ್ಲಿಯೆಲ್ಲ ಮುಚ್ಚಿ, ಸಂಪು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವನ್ನು ಮೇಲಕ್ಕೆ ಕಟ್ಟಿ, ಮೀಟರಿನ ಸಣ್ಣ ಚಕ್ರ ನೋಡಿ. ಅದು ತಿರುಗದಿದ್ದರೆ ಕಂತು ಕೊಟ್ಟುಬಿಡಿ.