ಒಪ್ಪಂದದ ಕಾಗದ ಬದಲಾಯಿಸಿದ್ದು

ಉಡುಪಿಯಲ್ಲಿ ನನ್ನದು ಸಣ್ಣ ಪ್ರಕಾಶನ. ವರ್ಷಕ್ಕೆ ನಾಲ್ಕೈದು ಪುಸ್ತಕ, ಹೆಚ್ಚಿನವು ಹೊಸಬರ ಮೊದಲ ಪುಸ್ತಕಗಳೇ. ಶುರುವಿನಲ್ಲಿ ಎಲ್ಲಿಂದಲೋ ಸಿಕ್ಕಿದ ಒಪ್ಪಂದದಲ್ಲಿ ಹೆಸರು ಮಾತ್ರ ಬದಲಿಸಿ ಸಹಿ ಹಾಕಿಸುತ್ತಿದ್ದೆ. 'ಎಲ್ಲ ಹಕ್ಕುಗಳೂ ಪ್ರಕಾಶಕರದ್ದು' ಅಂತ ಅದರಲ್ಲಿ ಒಂದು ಸಾಲಿತ್ತು.

ಕಾರ್ಕಳ ಕಡೆಯ ಟೀಚರ್ ಒಬ್ಬರ ಕಥೆಗಳನ್ನು ತಂದಿದ್ದೆ. ಎರಡು ವರ್ಷದ ಮೇಲೆ ಅವರು ಫೋನ್ ಮಾಡಿ, "ಸರ್, ನನ್ನ ಒಂದು ಕಥೆಯನ್ನು ತುಳು ನಾಟಕ ಮಾಡ್ತಾರಂತೆ, ನಿಮ್ಮನ್ನು ಕೇಳ್ಬೇಕಾ?" ಅಂದರು. ಕಾಗದ ತೆಗೆದು ನೋಡಿದರೆ ಕೇಳಲೇಬೇಕು ಅಂತಿತ್ತು. ಅವರು ಬರೆದ ಕಥೆಗೆ ಅವರೇ ನನ್ನ ಅಪ್ಪಣೆ ಕೇಳಬೇಕೇ? ತುಂಬಾ ಬೇಜಾರಾಯಿತು. ಮರುದಿನವೇ ಹಕ್ಕು ಬಿಟ್ಟುಕೊಟ್ಟ ಪತ್ರ ಕಳಿಸಿದೆ, ಒಪ್ಪಂದವನ್ನು ಹೊಸದಾಗಿ ಬರೆಯಲು ಕೂತೆ.

ಈಗಿನದು ಎರಡೇ ಪುಟ, ಕನ್ನಡದಲ್ಲೇ ಇದೆ. ನಾನು ತೆಗೆದುಕೊಳ್ಳುವುದು ಕನ್ನಡದಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ, ಅದೂ 5 ವರ್ಷಕ್ಕೆ. ಅನುವಾದ, ನಾಟಕ, ಸಿನಿಮಾ, ಆಡಿಯೋ, ಇ-ಬುಕ್ ಎಲ್ಲ ಲೇಖಕರ ಹತ್ತಿರವೇ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಓದಿದರೆ ಸಾಕು, ಅವಧಿ ಬರೆಯದಿದ್ದರೆ 5 ವರ್ಷ ಅಂತಲೇ ಲೆಕ್ಕ, ಬೇರೆ ಮಾತು ಬರೆದಿರದಿದ್ದರೆ ಒಂದು ವರ್ಷ ಬಳಸದ ಹಕ್ಕು ವಾಪಸ್ ಹೋಗುತ್ತದೆ. ಪ್ರತಿಗಳು ಮುಗಿದು ಆರು ತಿಂಗಳಲ್ಲಿ ಮರುಮುದ್ರಣ ಮಾಡದಿದ್ದರೂ ಹಕ್ಕು ಅವರಿಗೆ ಅಂತ ನಾನೇ ಸೇರಿಸಿದ್ದೇನೆ.

ಇನ್ನು ದುಡ್ಡು, ಅಂದರೆ ಮಾರಾಟವಾದ ಪ್ರತಿಗಳಿಗೆ ಲೇಖಕರಿಗೆ ಕೊಡುವ ಪಾಲು, ರಾಯಲ್ಟಿ. ಶೇಕಡಾ 10 ಅಂತ ಬರೆದರೆ ಸಾಲದು, ಯಾವುದರ ಮೇಲೆ ಅಂತ ಬರೆಯಬೇಕು. 150 ರೂಪಾಯಿಯ ಪುಸ್ತಕಕ್ಕೆ ಮುಖಬೆಲೆಯ ಮೇಲೆ 15 ರೂಪಾಯಿ. ಅಂಗಡಿಗೆ 40 ಪರ್ಸೆಂಟ್ ಬಿಟ್ಟು ನನ್ನ ಕೈಗೆ ಬರುವ 90ರ ಮೇಲಾದರೆ ಬರೀ 9. ಒಂದು ಸಾವಿರ ಪ್ರತಿ ಮಾರಾಟವಾದರೆ ಲೇಖಕರಿಗೆ ಆರು ಸಾವಿರ ರೂಪಾಯಿಯ ವ್ಯತ್ಯಾಸ! ನಾನು ಮುಖಬೆಲೆಯ ಮೇಲೇ ಕೊಡುತ್ತೇನೆ, ಬೆಲೆ ಇಡುವಾಗಲೇ ಅದನ್ನು ಸೇರಿಸಿಕೊಳ್ಳುತ್ತೇನೆ. ಗ್ರಂಥಾಲಯದ ಸಗಟು ಖರೀದಿಯ ರಾಯಲ್ಟಿಯನ್ನು, ಆ ಹಣ ನನಗೆ ಬಂದ ಮೇಲೆ ಕೊಡುತ್ತೇನೆ. ವಿಮರ್ಶೆಗೆ ಕಳಿಸುವ ಪ್ರತಿಗಳಿಗೆ ರಾಯಲ್ಟಿ ಇಲ್ಲ, ಎಷ್ಟು ಪ್ರತಿ ಅಂತ ಮೊದಲೇ ನಮೂದಿಸುತ್ತೇನೆ. ಅಚ್ಚಿನ ಖರ್ಚಿಗೆ ಲೇಖಕರಿಂದ ಒಂದು ರೂಪಾಯಿ ಕೂಡ ತೆಗೆದುಕೊಳ್ಳುವುದಿಲ್ಲ. ಅಷ್ಟು ಪ್ರತಿ ನೀವೇ ಕೊಂಡುಕೊಳ್ಳಿ ಅಂತ ಹೇಳುವುದೂ ದುಡ್ಡು ಕೇಳಿದ ಹಾಗೇ ಅಲ್ವಾ?

ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಕಳಿಸುತ್ತೇನೆ: ಅಚ್ಚಾದದ್ದು, ಹೋದದ್ದು, ಉಳಿದದ್ದು. ಒಂದೂ ಹೋಗದಿದ್ದರೆ ಒಂದೂ ಹೋಗಿಲ್ಲ ಅಂತಲೇ ಬರೆಯುತ್ತೇನೆ. ಲೆಕ್ಕ ಬಾರದೆ ಕಾಯುವುದು ಹೊಸಬರಿಗೆ ತುಂಬಾ ಕಷ್ಟ, ಕೇಳಲಿಕ್ಕೂ ಸಂಕೋಚ ಇರುತ್ತದೆ.

ಸಹಿಯನ್ನು ಅದೇ ದಿನ ಹಾಕಿಸುವುದಿಲ್ಲ. ಒಂದು ವಾರ ಮನೆಗೆ ತಗೊಂಡು ಹೋಗಿ, ಗೊತ್ತಿದ್ದವರಿಗೆ ತೋರಿಸಿ ಅನ್ನುತ್ತೇನೆ. ಹಾಗೆ ಒಯ್ದ ಕುಂದಾಪುರದ ಹೊಸ ಬರಹಗಾರ್ತಿಯೊಬ್ಬರು, ಮುಖಪುಟವನ್ನು ಅಚ್ಚಿಗೆ ಮೊದಲು ಲೇಖಕರಿಗೆ ತೋರಿಸಬೇಕು ಅಂತ ಒಂದು ಸಾಲು ಪೆನ್ಸಿಲ್‌ನಲ್ಲಿ ಬರೆದು ತಂದರು. ನನಗೆ ಅದು ಹೊಳೆದೇ ಇರಲಿಲ್ಲ. ಈಗ ಎಲ್ಲರ ಒಪ್ಪಂದದಲ್ಲೂ ಆ ಸಾಲು ಇದೆ.