ಸಾಫ್ಟ್‌ವೇರ್ ಮೊದಲು, ಲಿನಕ್ಸ್ ಆಮೇಲೆ: ನನ್ನ ಅನುಭವ

"ಹವ್ಯಾಸಕ್ಕೆ ಸರಿ, ಹೊಟ್ಟೆಪಾಡಿನ ಕೆಲಸಕ್ಕೆ ಲಿನಕ್ಸ್ ಆಗಲ್ಲ." ನಾನು ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ ಹೋಗುತ್ತೇನೆ ಎಂದಾಗ ಕೇಳಿದ ಮಾತು ಇದು. ಹೇಳಿದವರು ದಡ್ಡರೇನಲ್ಲ, ನನಗಿಂತ ಜಾಸ್ತಿ ಕಂಪ್ಯೂಟರ್ ಬಲ್ಲವರು. ಈಗ ನನ್ನ ಪತ್ರ, ಕರಪತ್ರ, ಸ್ಕ್ಯಾನಿಂಗ್, ಫೋಟೋ ತಿದ್ದುವುದು, ಚಿಕ್ಕಪುಟ್ಟ ವಿಡಿಯೋ ಎಲ್ಲವೂ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನಲ್ಲೇ ನಡೆಯುತ್ತಿದೆ. ಅವರಲ್ಲೇ ಕೆಲವರು "ಏನೇನು ಹಾಕಿದ್ದೀಯ, ಪಟ್ಟಿ ಕಳಿಸು" ಎನ್ನುತ್ತಿದ್ದಾರೆ. ಪಟ್ಟಿಯಿಂದ ಏನೂ ಆಗಲ್ಲ. ಹಿಂದೆ ನಾನು ಲಿನಕ್ಸ್ ಹಾಕಿ, ಬೇಸತ್ತು, ವಾಪಸ್ ವಿಂಡೋಸ್‌ಗೆ ಹೋದದ್ದು ಅಂಥ ಪಟ್ಟಿಗಳನ್ನು ಹಿಡಿದುಕೊಂಡೇ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಇನ್‌ಸ್ಟಾಲ್ ಮಾಡುವುದು, ಪಾರ್ಟಿಷನ್ ಹಾಕುವುದು ನಿಮಗೆ ಗೊತ್ತೇ ಇರುತ್ತದೆ, ಅದನ್ನು ಹೇಳುವುದಿಲ್ಲ.

ಕಾರಣ ಎಲ್ಲರಿಗೂ ಗೊತ್ತಿರುವುದೇ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಮೊದಲೇ ಹೇಳಿದ್ದರು. ನನ್ನ ಯಂತ್ರದ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. ಅದು ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಕೂಡ ಇಲ್ಲ. ಉಳಿದಂತೆ ಯಂತ್ರ ಗಟ್ಟಿಮುಟ್ಟು. ಅದನ್ನು ಗುಜರಿಗೆ ಹಾಕಲು ಮನಸ್ಸಾಗಲಿಲ್ಲ.

ಹಿಂದಿನ ಪದ್ಧತಿ ಹೀಗಿತ್ತು. ಮೊದಲು ಲಿನಕ್ಸ್ ಹಾಕುವುದು. ಆಮೇಲೆ "ಫೋಟೋಶಾಪ್ ಬದಲಿಗೆ ಏನು", "ಅಕ್ರೊಬ್ಯಾಟ್ ಬದಲಿಗೆ ಏನು" ಎಂದು ಹುಡುಕುವುದು. ಸಿಕ್ಕಿದ್ದನ್ನೆಲ್ಲ ಹಾಕುವುದು. ಮೆನು ತುಂಬ ಫೋಟೋ ಎಡಿಟರ್‌ಗಳು, ಪಿಡಿಎಫ್ ರೀಡರ್‌ಗಳು, ಯಾವುದೂ ಕೈಗೆ ಹತ್ತಿಲ್ಲ. ಏನಾದರೂ ಕೆಟ್ಟರೆ ಅದು ಸಿಸ್ಟಮ್‌ನ ತೊಂದರೆಯೋ, ಆ ಸಾಫ್ಟ್‌ವೇರ್‌ನ ತೊಂದರೆಯೋ, ನನಗೇ ಬಳಸಲು ಬರುತ್ತಿಲ್ಲವೋ ಎಂದು ತಿಳಿಯುತ್ತಿರಲಿಲ್ಲ.

ಈ ಸಲ ತಿರುಗುಮುರುಗು ಮಾಡಿದೆ. ವಿಂಡೋಸ್‌ನಲ್ಲೇ ಕೂತು, ಕೆಲವು ತಿಂಗಳು, ಒಂದೊಂದೇ ಸಾಫ್ಟ್‌ವೇರ್ ಬದಲಿಸಿದೆ. ಪತ್ರ-ಲೆಕ್ಕಕ್ಕೆ ಲಿಬ್ರೆಆಫೀಸ್, ಮೇಲ್‌ಗೆ ಥಂಡರ್‌ಬರ್ಡ್, ಫೋಟೋಗೆ ಗಿಂಪ್, ಚಿತ್ರ ಬರೆಯಲು ಇಂಕ್‌ಸ್ಕೇಪ್, ಪಾಸ್‌ವರ್ಡ್‌ಗೆ ಕೀಪಾಸ್‌ಎಕ್ಸ್‌ಸಿ, ವಿಡಿಯೋಗೆ ಕೆಡೆನ್‌ಲೈವ್, ಇವೆಲ್ಲ ವಿಂಡೋಸ್‌ಗೂ ಸಿಗುತ್ತವಲ್ವಾ? ಅಲ್ಲೇ ಪಳಗಿದೆ. ಒಂದು ಕೆಲಸ ಹಳೆಯ ಸಾಫ್ಟ್‌ವೇರ್ ಮುಟ್ಟದೆ ವಾರಗಟ್ಟಲೆ ನಡೆದರೆ ಮಾತ್ರ ಮುಂದಿನದು. ಕೊನೆಗೆ ಲಿನಕ್ಸ್ ಹಾಕಿದ ದಿನ ಬದಲಾದದ್ದು ಕೆಳಗಿನ ನೆಲ ಅಷ್ಟೇ. ಮೇಲಿನ ಕಿಟಕಿಗಳೆಲ್ಲ ಅವೇ. ಅದೇ ಸಂಜೆ ಒಂದು ಕರಪತ್ರ ಮುಗಿಸಿ ಕಳಿಸಿದೆ. ಕೊಂಚ ಜಂಬದಿಂದಲೇ ಹೇಳುತ್ತಿದ್ದೇನೆ.

ಇನ್ನೊಂದು ಮಾಡಿದ್ದು, ಸಾಫ್ಟ್‌ವೇರ್‌ನ ಹೆಸರು ಬರೆಯದೆ ಕೆಲಸದ ಹೆಸರು ಬರೆದದ್ದು. "ಫೋಟೋಶಾಪ್" ಎಂದು ಬರೆದರೆ ಅದಕ್ಕೆ ಸಮನಾದದ್ದು ಸಿಗುವುದೇ ಇಲ್ಲ. "ಫೋಟೋದ ಹಿನ್ನೆಲೆ ಬಿಳಿ ಮಾಡಬೇಕು, ಅಳತೆಗೆ ಕತ್ತರಿಸಬೇಕು, 50 ಕೆಬಿ ಒಳಗೆ ಇಳಿಸಬೇಕು" ಎಂದು ಬರೆದರೆ ಹತ್ತು ದಾರಿ ಸಿಗುತ್ತದೆ. ಹಾಗೆ ಬರೆದಾಗಲೇ ಗೊತ್ತಾದದ್ದು, ವರ್ಷವರ್ಷ ಚಂದಾ ಕಟ್ಟಿ ನಾನು ಮಾಡುತ್ತಿದ್ದ ಫೋಟೋ ಕೆಲಸದಲ್ಲಿ ಮುಕ್ಕಾಲು ಪಾಲು ಕತ್ತರಿಸುವುದು, ಚಿಕ್ಕದು ಮಾಡುವುದು, ಬೆಳಕು ಸರಿಮಾಡುವುದು. ಅದಕ್ಕೆ ಗಿಂಪ್ ಕೂಡ ಬೇಡ. ಒಂದೆರಡಕ್ಕೆ ಜಿಥಂಬ್, ರಾಶಿ ಇದ್ದರೆ ಎಕ್ಸ್‌ಎನ್‌ವ್ಯೂ ಎಂಪಿ ಸಾಕು. ಗಿಂಪ್ ತೆರೆಯುವುದು ಒಂದರ ಮೇಲೊಂದು ಪದರ (ಲೇಯರ್) ಬೇಕಾದಾಗ ಮಾತ್ರ. ಅದರಲ್ಲೂ 2025ರ ಮಾರ್ಚ್‌ನಲ್ಲಿ ಬಂದ 3.0 ಬೇರೆಯೇ ಮಟ್ಟ. ಹಾಕಿದ ಫಿಲ್ಟರ್ ಅನ್ನು ಆಮೇಲೂ ತಿದ್ದಬಹುದು. ಹಳೆಯ 2.10 ನೋಡಿ ಮೂಗು ಮುರಿದವರು ಇನ್ನೊಮ್ಮೆ ನೋಡಿ.

ಆಫೀಸ್ ವಿಷಯಕ್ಕೆ ಬರೋಣ. ಗುದ್ದಾಟ ಜಾಸ್ತಿ ಆದದ್ದು ಇಲ್ಲೇ. ಒಬ್ಬರು ಕಳಿಸಿದ ವರ್ಡ್ ಫೈಲ್ ಅವರ ಬಳಿ 12 ಪುಟ, ನನ್ನ ಲಿಬ್ರೆಆಫೀಸ್‌ನಲ್ಲಿ 13. ಕೊನೆಯ ಪುಟದಲ್ಲಿ ಸಹಿ ಹಾಕುವ ಸಾಲು ಒಂದೇ ಒಂಟಿಯಾಗಿ ನಿಂತಿತ್ತು. ಎಲ್ಲರೂ "ನೋಡು, ಲಿಬ್ರೆಆಫೀಸ್ ಫಾರ್ಮ್ಯಾಟ್ ಕೆಡಿಸಿತು" ಎನ್ನುವುದು ಇಂಥದ್ದನ್ನು ನೋಡಿಯೇ. ಫೈಲ್‌ನಲ್ಲಿದ್ದ ಫಾಂಟ್ ಕ್ಯಾಲಿಬ್ರಿ. ಅದು ಲಿನಕ್ಸ್‌ನಲ್ಲಿ ಇಲ್ಲ. ಅದರ ಜಾಗಕ್ಕೆ ಬಂದ ಫಾಂಟ್ ಸ್ವಲ್ಪ ಅಗಲ. ಸಾಲಿಗೆ ಒಂದೊಂದು ಪದ ಕೆಳಗೆ ಜಾರುತ್ತಾ ಜಾರುತ್ತಾ ಪುಟವೇ ಜಾರಿದೆ. ಕಾರ್ಲಿಟೋ ಎಂಬ ಫಾಂಟ್ ಹಾಕಿದೆ. ಅದರ ಅಕ್ಷರಗಳ ಅಗಲ ಕ್ಯಾಲಿಬ್ರಿಯಷ್ಟೇ. ಫೈಲ್ ಮುಚ್ಚಿ ತೆರೆದರೆ 12 ಪುಟ, ಸಹಿಯ ಸಾಲು ತನ್ನ ಜಾಗದಲ್ಲಿ. ಹಾಗೆಯೇ ಕೇಂಬ್ರಿಯಾಗೆ ಕ್ಯಾಲಡಿಯಾ, ಏರಿಯಲ್ ಮತ್ತು ಟೈಮ್ಸ್ ನ್ಯೂ ರೋಮನ್‌ಗೆ ಲಿಬರೇಷನ್ ಫಾಂಟ್‌ಗಳು. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ಎಷ್ಟು ಜನ ವಾಪಸ್ ಹೋಗಿದ್ದಾರೋ!

ಟೇಬಲ್‌ಗಳು ತುಂಬಿದ, ಹತ್ತು ಕೈ ಓಡಾಡುವ ಫೈಲ್‌ಗಳಿಗೆ ಓನ್ಲಿಆಫೀಸ್ ಇಟ್ಟುಕೊಂಡಿದ್ದೇನೆ. ಅದು ಮೈಕ್ರೋಸಾಫ್ಟ್‌ನ ಫಾರ್ಮ್ಯಾಟ್‌ನಲ್ಲೇ ಕೆಲಸ ಮಾಡುವುದರಿಂದ ನನ್ನ ಅನುಭವದಲ್ಲಿ ಕೆಡುವುದು ಕಡಿಮೆ. ನನ್ನ ಸ್ವಂತದ್ದೆಲ್ಲ ಲಿಬ್ರೆಆಫೀಸ್ ಬಳಸುವ ಓಡಿಟಿ ಫಾರ್ಮ್ಯಾಟ್. ಮುಗಿದದ್ದು ಹೊರಗೆ ಹೋಗುವುದು ಪಿಡಿಎಫ್ ಆಗಿಯೇ. ಮ್ಯಾಕ್ರೋ (ಫೈಲ್ ಒಳಗೇ ಓಡುವ ಚಿಕ್ಕ ಪ್ರೋಗ್ರಾಂ) ತುಂಬಿದ್ದ ಒಂದು ಎಕ್ಸೆಲ್ ಫೈಲ್ ಮಾತ್ರ ಎಲ್ಲೂ ಸರಿಯಾಗಿ ಓಡಲಿಲ್ಲ. ಸುಮ್ನೆ ಜಗಳಾಡುವುದು ಬಿಟ್ಟು ಬರೀ ಸೂತ್ರಗಳಲ್ಲಿ ಮತ್ತೆ ಕಟ್ಟಿದೆ. ಬಹಳ ಸಂಜೆಗಳು ಹೋದವು. ಆದರೆ ಈಗ ಅದು ಎಲ್ಲಿ ಬೇಕಾದರೂ ತೆರೆದುಕೊಳ್ಳುತ್ತದೆ.

ಕನ್ನಡ ಟೈಪಿಂಗ್ ಬಗ್ಗೆ ಹೆದರಿಸಿದವರು ಬಹಳ. ಅದು ಎಲ್ಲಕ್ಕಿಂತ ಸಲೀಸಾಯಿತು. ಕಗಪ ವಿನ್ಯಾಸ ಕೀಬೋರ್ಡ್ ಸೆಟ್ಟಿಂಗ್‌ನಲ್ಲೇ ಇದೆ, ಬೇರೆ ಏನೂ ಹಾಕಬೇಕಿಲ್ಲ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವವರು ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆಗೆ ಎಂ17ಎನ್ ಎಂಬ ಭಾಗ ಹಾಕಿ ಐಟ್ರಾನ್ಸ್ ಎಂಬ ವಿಧಾನ ಆರಿಸಿಕೊಳ್ಳಿ. ತಲೆನೋವು ಕೊಟ್ಟದ್ದು ಯುನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಮಾಡಿಟ್ಟ ಹಳೆಯ ಫೈಲ್‌ಗಳು. ತೆರೆದರೆ ಬರೀ ಗೀಚು. ಅವನ್ನೆಲ್ಲ ವಿಂಡೋಸ್‌ನಲ್ಲಿ ಇರುವಾಗಲೇ ಯುನಿಕೋಡ್‌ಗೆ ತಂದೆ. ಸಾವಿರದ ಹತ್ತಿರ ಫೈಲ್‌ಗಳಿದ್ದವು. ಅದಕ್ಕೆ ಬರೆದುಕೊಂಡ ಸ್ಕ್ರಿಪ್ಟ್ ಮಾತ್ರ ಕೇಳಬೇಡಿ, ಅದರಿಂದ ನಾಲ್ಕು ಕಾಸು ಬರುತ್ತಿದೆ. ಪುಟ ವಿನ್ಯಾಸಕ್ಕೆ ಸ್ಕ್ರೈಬಸ್. ಹಳೆಯ 1.4ರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. 2024ರಲ್ಲಿ ಬಂದ 1.6ರಲ್ಲಿ ಕೂರುತ್ತದೆ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣದ (ಸಿಎಂವೈಕೆ) ಪಿಡಿಎಫ್ ಇಲ್ಲಿಂದಲೇ ಹೋಗುತ್ತದೆ.

ಪಿಡಿಎಫ್‌ಗೆ ಹಿಂದೆ ದುಡ್ಡು ಕೊಟ್ಟ ಒಂದೇ ಸಾಫ್ಟ್‌ವೇರ್ ಇತ್ತು. ಈಗ ಆ ಜಾಗದಲ್ಲಿ ಚಿಕ್ಕವು ನಾಲ್ಕು. ಪುಟ ಹಿಂದೆ ಮುಂದೆ ಮಾಡಲು ಪಿಡಿಎಫ್ ಅರೇಂಜರ್, ಫಾರಂ ತುಂಬಲು ಓಕ್ಯುಲರ್, ಸಹಿ ಗೀಚಲು ಝೋರ್ನಲ್ ಪ್ಲಸ್ ಪ್ಲಸ್, ಸೈಜ್ ಇಳಿಸಲು ಗೋಸ್ಟ್‌ಸ್ಕ್ರಿಪ್ಟ್. ಒಂದೇ ಕಿಟಕಿಯಲ್ಲಿ ಎಲ್ಲ ಬೇಕು ಎನ್ನುವವರಿಗೆ ಇದು ಒಗ್ಗಲ್ಲ. ನನಗೆ ಒಗ್ಗಿತು. ಈ ದಾರಿಯಲ್ಲೇ ಓಸಿಆರ್, ಅಂದರೆ ಸ್ಕ್ಯಾನ್ ಚಿತ್ರದಿಂದ ಅಕ್ಷರ ಓದಿಸುವ ಹುಚ್ಚೂ ಹತ್ತಿತು. ಓಸಿಆರ್‌ಮೈಪಿಡಿಎಫ್ ಹಾಕಿ, ಓದುವ ಕೆಲಸ ಮಾಡುವ ಟೆಸರಾಕ್ಟ್‌ಗೆ ಕನ್ನಡದ ಡೇಟಾ ಕೊಟ್ಟು, ಹಳೆಯ ಪುಟಗಳನ್ನು ಓದಿಸಲು ನೋಡಿದೆ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಸ್ವಚ್ಛ ಅಚ್ಚನ್ನು ಚೆನ್ನಾಗಿಯೇ ಓದುತ್ತದೆ. ಮಾಸಲು ಪುಟ ಬಂದರೆ ಒತ್ತಕ್ಷರಗಳೆಲ್ಲ ಚಿಂದಿ. ಹಣ ತರುವ ಕೆಲಸ ಅಲ್ಲ, ಆದರೂ ರಾತ್ರಿ ಒಂದು ಗಂಟೆ ತನಕ ಕೂತದ್ದುಂಟು.

ಸ್ಕ್ಯಾನರ್ ಹಣ ತಿಂದಿತು. ಹಳೆಯದರ ಕಂಪನಿ ಲಿನಕ್ಸ್‌ಗೆ ಡ್ರೈವರ್ ಕೊಟ್ಟೇ ಇರಲಿಲ್ಲ. ಅದು ಮೊದಲೇ ಗೊತ್ತಾಗಿದ್ದರಿಂದ ನಡುನೀರಿನಲ್ಲಿ ಸಿಕ್ಕಿಬೀಳಲಿಲ್ಲ. ಪೆನ್‌ಡ್ರೈವ್‌ನಿಂದ ಲೈವ್ ಆಗಿ (ಡಿಸ್ಕ್‌ಗೆ ಹಾಕದೆ) ಮಿಂಟ್ ಓಡಿಸಿ ಪ್ರಿಂಟರ್, ಸ್ಕ್ಯಾನರ್, ಸೌಂಡ್, ವೈಫೈ ಎಲ್ಲ ಒಂದೊಂದಾಗಿ ಪರೀಕ್ಷಿಸಿದ್ದೆ. ಡ್ರೈವರ್ ಇಲ್ಲದೆ ನಡೆಯುವ, ಏರ್‌ಪ್ರಿಂಟ್ ಎಂದು ಬರೆದಿರುವ ಪ್ರಿಂಟರ್-ಸ್ಕ್ಯಾನರ್ ಕೊಂಡೆ. ಅದನ್ನು ಸಿಸ್ಟಮ್ ತಾನೇ ಹುಡುಕಿಕೊಂಡಿತು. ಇಡೀ ಬದಲಾವಣೆಯಲ್ಲಿ ದೊಡ್ಡ ಖರ್ಚು ಅದೇ.

ಹಳೆಯ ಡಿಸ್ಕ್‌ನಿಂದ ಫೈಲ್ ತರುವಾಗ ಒಂದು ಮಾತು. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ, ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿರುವುದಿಲ್ಲ. ಲಿನಕ್ಸ್ ಆ ಡಿಸ್ಕ್ ಅನ್ನು ಬರೀ ಓದಲು ಕೊಡುತ್ತದೆ, ಬರೆಯಲು ಬಿಡಲ್ಲ. ಡಿಸ್ಕ್ ಹಾಳಾಯಿತು ಎಂದು ಗಾಬರಿಯಾಗಬೇಡಿ. ವಿಂಡೋಸ್‌ಗೆ ಹೋಗಿ ಅದನ್ನು ಆಫ್ ಮಾಡಿ ಬನ್ನಿ.

ವಿಡಿಯೋಗೆ ಡವಿಂಚಿ ರಿಸಾಲ್ವ್ ಹಾಕಿದ್ದು ಬರೀ ಆಸೆಯಿಂದ. ಲಿನಕ್ಸ್‌ಗೆ ಸಿಗುವ ಅದರ ಉಚಿತ ಆವೃತ್ತಿ ಫೋನ್‌ನ ಎಚ್264 ಮಾದರಿಯ ವಿಡಿಯೋ ತೆಗೆದುಕೊಳ್ಳುವುದಿಲ್ಲ. ಎಫ್‌ಎಫ್‌ಎಂಪೆಗ್ ಎಂಬ ಸಾಧನದಿಂದ ವಿಡಿಯೋ ಡಿಎನ್‌ಎಕ್ಸ್‌ಎಚ್‌ಆರ್ ಮಾದರಿಗೆ, ಆಡಿಯೋ ಪಿಸಿಎಂ ಮಾದರಿಗೆ ಬದಲಿಸಿ ಕೊಟ್ಟರೆ ಸೊಗಸಾಗಿ ಓಡುತ್ತದೆ. ಆದರೆ ಫೈಲ್ ಸುಮಾರು ಹತ್ತು ಪಟ್ಟು ಊದಿಕೊಳ್ಳುತ್ತದೆ. ಹೊಸ ಎಸ್‌ಎಸ್‌ಡಿ ತುಂಬಲು ಹೆಚ್ಚು ದಿನ ಬೇಕಾಗಲಿಲ್ಲ. ಕೆಡೆನ್‌ಲೈವ್‌ಗೇ ವಾಪಸ್. ಪ್ರಾಕ್ಸಿ ಆನ್ ಮಾಡಿದರೆ ಎಡಿಟಿಂಗ್‌ಗೆ ಚಿಕ್ಕ ನಕಲು ಬಳಸುತ್ತದೆ, ಕೊನೆಗೆ ಅಸಲಿನಿಂದಲೇ ರೆಂಡರ್ ಮಾಡುತ್ತದೆ. ನನ್ನ ಹಳೆಯ ಯಂತ್ರದಲ್ಲೂ ತಡವರಿಸಲ್ಲ. ರೆಂಡರ್‌ಗೆ ನಾನು ಇಟ್ಟುಕೊಂಡಿರುವ ಸೆಟ್ಟಿಂಗ್ ಬೇರೆ ಇದೆ, ಅದು ಇಲ್ಲಿ ಬೇಡ.

ವಿಂಡೋಸ್‌ನಲ್ಲಿ ಮಾತ್ರ ಓಡುವ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಬಿಡುವಂತಿರಲಿಲ್ಲ. ವಿಂಡೋಸ್ ಸಾಫ್ಟ್‌ವೇರ್ ಅನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್‌ನಲ್ಲಿ, ಬಾಟಲ್ಸ್ ಮೂಲಕ, ತೆರೆದುಕೊಂಡಿತು, ಪ್ರಿಂಟ್ ಕೊಟ್ಟರೆ ಅಕ್ಷರ ಮಾಯ. ಹಣ ಕೊಟ್ಟು ಇನ್ನೊಂದು ಸಾಧನಕ್ಕೆ ವರ್ಷದ ಚಂದಾ ಕಟ್ಟಿದೆ, ಅದರಲ್ಲೂ ಅದೇ ಕಥೆ. ಆ ದುಡ್ಡು ನೀರುಪಾಲು. ಕೊನೆಗೆ ಯಂತ್ರದೊಳಗೆ ಇನ್ನೊಂದು ಯಂತ್ರದಂತೆ ಓಡುವ ವರ್ಚುವಲ್‌ಬಾಕ್ಸ್‌ನಲ್ಲಿ ವಿಂಡೋಸ್ ಹಾಕಿ, ಅದಕ್ಕೆ ನೆಟ್ ಕೊಡದೆ, ಆ ಒಂದೇ ಕೆಲಸಕ್ಕೆ ಇಟ್ಟಿದ್ದೇನೆ. "ಹಾಗಾದರೆ ವಿಂಡೋಸ್ ಬಿಟ್ಟ ಹಾಗಾಯ್ತಾ?" ಎಂದು ಚುಚ್ಚುವವರಿದ್ದಾರೆ. ತಿಂಗಳಿಗೆ ಒಂದೆರಡು ಸಲ ತೆರೆಯುವುದಕ್ಕೆ ನನಗೇನೂ ನಾಚಿಕೆ ಇಲ್ಲ.

ಎಲ್ಲಿಂದ ಹಾಕಬೇಕು ಎನ್ನುವುದಕ್ಕೆ ನನ್ನದೊಂದು ರೂಢಿ. ಹಾರ್ಡ್‌ವೇರ್ ಮುಟ್ಟುವಂಥದ್ದು ಮಿಂಟ್‌ನ ಸ್ವಂತ ಭಂಡಾರದಿಂದ. ಬೇಗ ಬೇಗ ಬದಲಾಗುವ ಗಿಂಪ್, ಇಂಕ್‌ಸ್ಕೇಪ್, ಕೆಡೆನ್‌ಲೈವ್ ಫ್ಲಾಟ್‌ಹಬ್ ಎಂಬ ಹೊರಗಿನ ಭಂಡಾರದಿಂದ, ಫ್ಲಾಟ್‌ಪ್ಯಾಕ್ ರೂಪದಲ್ಲಿ. ಮಿಂಟ್ 22ರ ಭಂಡಾರದಲ್ಲಿ ಇನ್ನೂ ಗಿಂಪ್ 2.10 ಇತ್ತು, 3.0 ಬೇಕಾದರೆ ಫ್ಲಾಟ್‌ಪ್ಯಾಕ್ ಹಾಕಬೇಕಿತ್ತು. ಫ್ಲಾಟ್‌ಪ್ಯಾಕ್ ಸಾಫ್ಟ್‌ವೇರ್‌ಗೆ ಎರಡನೇ ಡಿಸ್ಕ್ ಕಾಣಿಸದಿದ್ದರೆ ಫ್ಲಾಟ್‌ಸೀಲ್ ತೆರೆದು ಅನುಮತಿ ಕೊಡಿ. ಬ್ಯಾಕಪ್‌ಗೆ ಟೈಮ್‌ಶಿಫ್ಟ್ ಒಂದನ್ನೇ ನಂಬಬೇಡಿ. ಅದು ಸಿಸ್ಟಮ್ ಕಾಯುತ್ತದೆ, ನಮ್ಮ ಫೈಲ್‌ಗಳಿರುವ ಹೋಮ್ ಫೋಲ್ಡರ್ ಅನ್ನು ತಾನಾಗಿ ಮುಟ್ಟಲ್ಲ. ನನ್ನ ಫೈಲ್‌ಗಳಿಗೆ ವೋರ್ಟಾ ಇದೆ.

ಹಣದ ಲೆಕ್ಕ. ಆಫೀಸ್, ಫೋಟೋ, ಪಿಡಿಎಫ್, ಆಂಟಿವೈರಸ್, ನಾಲ್ಕರ ಚಂದಾ ನಿಂತಿತು. ಖರ್ಚಾದದ್ದು ಎಸ್‌ಎಸ್‌ಡಿ, ಸೆಕೆಂಡ್‌ಹ್ಯಾಂಡ್ ರ‍್ಯಾಮ್, ಪ್ರಿಂಟರ್-ಸ್ಕ್ಯಾನರ್, ಮೇಲೆ ಹೇಳಿದ ದಂಡದ ಚಂದಾ, ಬಳಸುವ ಯೋಜನೆಗಳಿಗೆ ಕೊಟ್ಟ ಒಂದಿಷ್ಟು ದೇಣಿಗೆ. ಮೊದಲ ವರ್ಷ ಹೆಚ್ಚೂ ಕಡಿಮೆ ಸರಿಸಮ. ಮರುವರ್ಷ ಚಂದಾ ಕಟ್ಟುವ ತಾರೀಖುಗಳು ಬಂದು ಹೋದವು, ಕೈಯಿಂದ ದೇಣಿಗೆ ಬಿಟ್ಟು ಏನೂ ಹೋಗಲಿಲ್ಲ. ಹೊಸ ಯಂತ್ರ ಕೊಳ್ಳದೆ ಉಳಿದದ್ದನ್ನು ಲೆಕ್ಕಕ್ಕೆ ಸೇರಿಸಿಲ್ಲ.

ನಡುವೆ ಕೀಬೋರ್ಡ್‌ನಿಂದಲೇ ಕಿಟಕಿಗಳನ್ನು ನಡೆಸುವ ಐ3 ಹಾಕಿ, ಮೌಸ್ ಇಲ್ಲದೆ ಬದುಕುವ ಪ್ರಯೋಗವೂ ಆಯಿತು. ಕಾನ್ಫಿಗ್ ಫೈಲ್ ತಿದ್ದುವುದೇ ದಿನದ ಕೆಲಸವಾಗಿ, ನಿಜವಾದ ಕೆಲಸ ಹಿಂದೆ ಬಿತ್ತು. ಮಿಂಟ್‌ನದೇ ಆದ ಸಿನಮನ್ ಡೆಸ್ಕ್‌ಟಾಪ್‌ಗೆ ವಾಪಸ್ ಬಂದೆ, ನೋಡಲು ಸಪ್ಪೆ ಇದ್ದರೂ ಸರಿ.

ಇನ್ನೂ ಇತ್ಯರ್ಥವಾಗದ್ದು ಸ್ಕ್ರೀನ್‌ಶಾಟ್ ಸಾಫ್ಟ್‌ವೇರ್. ಫ್ಲೇಮ್‌ಶಾಟ್, ಪರದೆಗೆ ಕಿಟಕಿಗಳನ್ನು ತರುವ ಹಳೆಯ ವ್ಯವಸ್ಥೆ ಎಕ್ಸ್11ರಲ್ಲಿ, ನನಗೆ ಬೇಕಾದ ಹಾಗೆ ಬಾಣ, ಸಂಖ್ಯೆ, ಮಬ್ಬು ಎಲ್ಲ ಕೊಡುತ್ತದೆ. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನಲ್ಲಿ ಪರೀಕ್ಷಿಸಿದಾಗ ಹಾಗೆ ನಡೆಯಲಿಲ್ಲ. ಸದ್ಯಕ್ಕೆ ಎಕ್ಸ್11ರಲ್ಲೇ ಇದ್ದೇನೆ. ಕೆಸ್ನಿಪ್ ಈ ವಾರ ಹಾಕಿ ನೋಡಬೇಕು.